ಸೂರಿಲ್ಲದ ಸುಖ ಎಂಬ ಸುಳ್ಳು

ಪ್ರವಾಸ ಹೊರಟವರಿಗೆ ಬಿಟ್ಟಿಯಾಗಿ ಸಿಗುವ ಉಪದೇಶಗಳಲ್ಲಿ ಈಗ ಹೆಚ್ಚು ಚಲಾವಣೆಯಲ್ಲಿರುವುದು ಇದು: ಲಾಡ್ಜಿಗೆ ದುಡ್ಡು ಸುರಿಯಬೇಡಿ, ಒಂದು ಟೆಂಟು ಕೊಂಡುಬಿಡಿ. ಕೆರೆ ಏರಿಯ ಪಕ್ಕವೋ ಬೆಟ್ಟದ ನೆತ್ತಿಯೋ, ಕಣ್ಣಿಗೆ ಹಿಡಿಸಿದ ಕಡೆ ಅದನ್ನು ಬಿಚ್ಚಿ, ಚುಕ್ಕಿ ನೋಡುತ್ತ ಮಲಗಿ. ಜೇಬಿಗೂ ಹಗುರ, ಮೈಗೂ ಆರಾಮ, ಮನಸ್ಸಿಗೂ ನೆಮ್ಮದಿ. ಇದನ್ನು ಹೇಳುವವರ ಮುಖದಲ್ಲಿ ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಕಳೆ ಇರುತ್ತದೆ. ಕೋಲಾರದ ಅಂತರಗಂಗೆ ಬೆಟ್ಟ ಈ ಮತದ ಹಳೆಯ ಕ್ಷೇತ್ರ. ಬೆಂಗಳೂರಿನ ಹುಡುಗರು ವಾರಾಂತ್ಯದ ರಾತ್ರಿಗಳಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಅದರ ಗುಹೆಗಳಲ್ಲಿ ತೆವಳಲು ಶುರುಮಾಡಿ ಬಹಳ ವರ್ಷಗಳಾದವು. 2018ರಲ್ಲಿ ಕೆಜಿಎಫ್ ಸಿನಿಮಾ ಬಂದ ಮೇಲೆ, 2022ರಲ್ಲಿ ಅದರ ಎರಡನೆಯ ಭಾಗವೂ ಬಂದ ಮೇಲೆ, ಮೋಹ ಇನ್ನೂ ಮುಂದಕ್ಕೆ ಸರಿದು ಬಂಗಾರಪೇಟೆ, ಬೂದಿಕೋಟೆ, ಬೇತಮಂಗಲ, ಚಿನ್ನದ ಗಣಿಯ ದಿಬ್ಬಗಳವರೆಗೂ ಬಂದಿದೆ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದದ್ದೇ ತಡ, ಡಿಕ್ಕಿಯಲ್ಲಿ ಟೆಂಟು ಇಟ್ಟುಕೊಂಡು ಬರುವವರಿಗೆ ದೂರವೆಂಬುದೇ ಇಲ್ಲದಂತಾಗಿದೆ.

ನನ್ನ ತಕರಾರು ಸಾಹಸದ ಮೇಲಲ್ಲ. ಬಂಡೆ ಹತ್ತುವ ಆಸೆಯಿದ್ದವರು ಹತ್ತಲಿ, ಒಂದು ರಾತ್ರಿ ಚಳಿಯಲ್ಲಿ ನಡುಗಿ ಅದನ್ನು ಆರು ತಿಂಗಳು ವರ್ಣಿಸುವ ಖುಷಿ ಬೇಕಾದವರು ನಡುಗಲಿ. ಸಾಹಸವನ್ನು ಸಾಹಸವೆಂದೇ ಮಾರಿದರೆ ಜಗಳವಿಲ್ಲ. ಆದರೆ ಅದನ್ನು ಅಗ್ಗದ ತಂಗುದಾಣವೆಂದು, ದಣಿದವರಿಗೆ ವಿಶ್ರಾಂತಿಯೆಂದು ಮಾರುವುದು ಶುದ್ಧ ಸುಳ್ಳು. ಈ ಸೀಮೆಯಲ್ಲಂತೂ ಆ ಸುಳ್ಳಿನ ಬೆಲೆಯನ್ನು ಟೆಂಟಿನೊಳಗೆ ಮಲಗಿದವರು ತೆರುವುದಿಲ್ಲ, ಹೊರಗಿರುವವರು ತೆರುತ್ತಾರೆ.

ಮೊದಲು ದುಡ್ಡಿನ ಲೆಕ್ಕವನ್ನೇ ಮುಗಿಸೋಣ. ಮಳೆ ತಡೆಯುವಂಥ ಸಾಧಾರಣ ಟೆಂಟು ಎರಡು ಮೂರು ಸಾವಿರಕ್ಕೆ ಕಡಿಮೆ ಇಲ್ಲ. ಅದರ ಜೊತೆಗೆ ಇಬ್ಬರಿಗೆ ಮಲಗುವ ಚೀಲ, ಕೆಳಗೆ ಹಾಸಲು ಮ್ಯಾಟು, ತಲೆದೀಪ, ಸಣ್ಣ ಗ್ಯಾಸ್ ಒಲೆ, ಇಷ್ಟನ್ನೂ ಹೊರಲು ಒಂದು ದೊಡ್ಡ ಚೀಲ. ಇವೆಲ್ಲ ಸೇರುವಷ್ಟರಲ್ಲಿ ಬಂಗಾರಪೇಟೆಯ ಸಾಮಾನ್ಯ ಲಾಡ್ಜಿನಲ್ಲಿ ಹತ್ತು ರಾತ್ರಿ ಮಲಗುವ ಹಣ ಕೈಬಿಟ್ಟಿರುತ್ತದೆ. ಹತ್ತು ರಾತ್ರಿಗೂ ಹೆಚ್ಚು ಆ ಟೆಂಟನ್ನು ಬಳಸಿದವರು ನಿಮ್ಮ ಪರಿಚಯದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಯೋಚಿಸಿ ನೋಡಿ. ನಾನು ಕಂಡ ಬಹುಪಾಲು ಟೆಂಟುಗಳು ಅಟ್ಟದ ಮೇಲೆ, ಒಡೆದ ಕೇರಂ ಬೋರ್ಡಿನ ಪಕ್ಕದಲ್ಲಿ ನಿದ್ರಿಸುತ್ತಿವೆ. ಕೊಳ್ಳಲು ಮನಸ್ಸಿಲ್ಲದವರು ಪ್ಯಾಕೇಜ್ ಹಿಡಿಯುತ್ತಾರೆ. ವ್ಯಾನು, ಗೈಡು, ಟೆಂಟು, ಕ್ಯಾಂಪ್‌ಫೈರ್, ಬೆಳಿಗ್ಗೆ ತಟ್ಟೆ ಇಡ್ಲಿ ಎಲ್ಲ ಸೇರಿ ತಲೆಗೆ ಸಾವಿರದ ಆಚೀಚೆ. ಇಬ್ಬರಿಗೆ ಲೆಕ್ಕ ಹಾಕಿದರೆ ಬೀಗವಿರುವ ಬಾಗಿಲು, ಮಂಚ, ಫ್ಯಾನು, ಬಕೆಟ್ಟು ಬಿಸಿನೀರು ಸಿಕ್ಕಿ, ಬಂಗಾರಪೇಟೆಯ ಪಾನಿಪೂರಿಗೂ ಕಾಸು ಮಿಗುತ್ತದೆ. (ಹಸಿರು ಬಣ್ಣವಿಲ್ಲದ ತಿಳಿನೀರಿನ ಆ ಪಾನಿಪೂರಿಗಾಗಿಯೇ ಬಂಗಾರಪೇಟೆಗೆ ಬರುವವರಿದ್ದಾರೆ. ಅವರ ವಿವೇಕಕ್ಕೆ ನನ್ನ ನಮಸ್ಕಾರ. ತಿಂದು ಮುಗಿಸಿ ರೈಲು ಹತ್ತುತ್ತಾರೆ.)

ರೈಲಿನ ಮಾತು ಸುಮ್ಮನೆ ತೆಗೆಯಲಿಲ್ಲ. ಬಂಗಾರಪೇಟೆ ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗದ ಜಂಕ್ಷನ್, ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು. ಅಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಾಗಿ ಹಾಕಿದ ಕವಲು ದಾರಿ ಹತ್ತೊಂಬತ್ತನೆಯ ಶತಮಾನದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಗಣಿ ಪಟ್ಟಣವಾದ ಕೆಜಿಎಫ್‌ನ ಸಾವಿರಾರು ಮಂದಿ ಅದೇ ಹಳಿಯ ಮೇಲೆ ದಿನಾ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆಗೆ ಬರುತ್ತಿದ್ದಾರೆ. ಅವರು ದಿನನಿತ್ಯ ಹೋಗಿಬರುವ ದೂರವನ್ನು ಒಂದು ಶನಿವಾರ ದಾಟಿ ಬಂದವರು, ವಾಪಸು ಹೋಗಿ ತಮ್ಮ ಹಾಸಿಗೆಯಲ್ಲೇ ಮಲಗಬಹುದಾಗಿದ್ದರೂ ಬಂಡೆಯ ಮೇಲೆ ಮಲಗಿ ಅದನ್ನು ಉಳಿತಾಯ ಎನ್ನುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ. ಆ ಬೆಳಗಿನ ರೈಲುಗಳಲ್ಲಿ ನಿಂತಲ್ಲೇ ತೂಕಡಿಸುವವರಿಗೆ ವಿಶ್ರಾಂತಿ ಏನೆಂದು ಗೊತ್ತು. ಅವರಲ್ಲಿ ಯಾರೂ ಟೆಂಟು ಕೊಂಡದ್ದನ್ನು ನಾನು ಕಂಡಿಲ್ಲ.

ಕ್ಯಾಂಪಿಂಗ್ ಪರವಾಗಿ ವಾದಿಸುವವರು ಇಲ್ಲಿಗೆ ಬಂದ ಕೂಡಲೇ ಯೂರೋಪಿನ ಕಡೆಗೆ ಕೈತೋರಿಸುತ್ತಾರೆ: ಫ್ರಾನ್ಸಿನಲ್ಲಿ ಕೂಲಿಕಾರರ ಕುಟುಂಬಗಳೂ ಬೇಸಿಗೆ ರಜೆಯನ್ನು ಟೆಂಟಿನಲ್ಲೇ ಕಳೆಯುವುದಿಲ್ಲವೆ? ಕಳೆಯುತ್ತಾರೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಮಾತ್ರ ಇವರು ಹೇಳುವುದಿಲ್ಲ. 1936ರಲ್ಲಿ ಅಲ್ಲಿಯ ಕಾರ್ಮಿಕರು ಮುಷ್ಕರ ಹೂಡಿ ಸಂಬಳ ಸಹಿತ ಎರಡು ವಾರದ ರಜೆಯನ್ನು ಕಾನೂನಾಗಿ ಪಡೆದರು. ಆ ರಜೆಯ ಬೆನ್ನಿಗೆ ಊರೂರಿನ ಪುರಸಭೆಗಳು ಕ್ಯಾಂಪಿಂಗ್ ಬಯಲುಗಳನ್ನು ಕಟ್ಟಿದವು. ಅಲ್ಲಿ ಶೌಚಾಲಯ, ಸ್ನಾನದ ಬಿಸಿನೀರು, ಪಾತ್ರೆ ತೊಳೆಯುವ ತೊಟ್ಟಿ, ವಿದ್ಯುತ್ತು, ಕಸದ ಗಾಡಿ ಎಲ್ಲ ಇರುತ್ತವೆ. ಅಲ್ಲಿ ಟೆಂಟು ಅಗ್ಗವಾಗಿರುವುದು ಬಟ್ಟೆಯ ಮಹಿಮೆಯಿಂದಲ್ಲ, ಅದರ ಸುತ್ತ ಸಾರ್ವಜನಿಕರ ಹಣ ನಿಂತಿದೆ. ಬ್ರಿಟನ್ನಿನಲ್ಲಿ ಈ ಹವ್ಯಾಸಕ್ಕೆ ನಾಂದಿ ಹಾಡಿದ ಥಾಮಸ್ ಹೈರಮ್ ಹೋಲ್ಡಿಂಗ್ ಲಂಡನ್ನಿನ ದರ್ಜಿ. ಸೈಕಲ್ಲಿನ ಮೇಲೆ ಹೊರುವಷ್ಟು ಹಗುರವಾದ ಗುಡಾರ ಹೊಲಿದು, 1901ರಲ್ಲಿ ಸೈಕಲ್ ಶಿಬಿರಿಗರ ಸಂಘ ಕಟ್ಟಿದ. ಅವನು ಗುಡಾರ ಹೊಲಿದು ಸುಮ್ಮನಾಗದೆ ಸಂಘವನ್ನೂ ಕಟ್ಟಿದ ಎಂಬುದನ್ನು ಗಮನಿಸಿ. ರೈತನ ಅನುಮತಿ, ತಂಗುವ ಜಾಗದ ಪಟ್ಟಿ, ನಡವಳಿಕೆಯ ನಿಯಮ ಇವೆಲ್ಲ ಆ ಸಂಘಜೀವನದೊಳಗೇ ಬೆಳೆದವು. ನಾವು ಅಲ್ಲಿಂದ ಬಟ್ಟೆಯನ್ನಷ್ಟೇ ತರಿಸಿಕೊಂಡೆವು. ನಲ್ಲಿ, ಕಕ್ಕಸು, ಸಂಘ ಅಲ್ಲೇ ಉಳಿದವು.

ನಲ್ಲಿ, ಕಕ್ಕಸು ಇಲ್ಲದ ಜಾಗದಲ್ಲಿ ಇಪ್ಪತ್ತು ಮಂದಿ ರಾತ್ರಿ ಕಳೆದರೆ ಬೆಳಿಗ್ಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅಂತರಗಂಗೆಯ ಬುಗ್ಗೆಯ ನೀರನ್ನು ಊರವರು ತೀರ್ಥವೆಂದು ಕುಡಿಯುತ್ತಾರೆ. ಆ ಬೆಟ್ಟದ ಮೇಲೆ ಬಿದ್ದದ್ದು ಯಾವ ದಾರಿಯಲ್ಲಿ ಇಳಿದು ಬರುತ್ತದೆ ಎಂದು ತಿಳಿಯಲು ಭೂಗೋಳ ಓದಬೇಕಾಗಿಲ್ಲ. ಬೇತಮಂಗಲದ ಪಾಲಾರ್ ಕೆರೆ ಗಣಿ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟ ಕೆರೆ. ಅದರ ಏರಿಯ ಮೇಲೆ ಬೆಂಕಿ ಹಾಕಿ, ಬಾಟಲಿ ಒಡೆದು, ಬೆಳಿಗ್ಗೆ ಅದೇ ನೀರಲ್ಲಿ ಕೈತೊಳೆದು ಹೋಗುವುದನ್ನು ಪ್ರಕೃತಿಯ ಮಡಿಲಲ್ಲಿ ಒಂದು ರಾತ್ರಿ ಎಂದು ಕರೆಯುತ್ತಾರಲ್ಲ, ಮಡಿಲು ಪಾಪ ಏನು ಮಾಡಿತ್ತು?

ಕೆರೆಯ ಪಕ್ಕದ ಕ್ಯಾಂಪಿಂಗ್ ವಿಚಾರದಲ್ಲಿ ಕೋಲಾರ ಜಿಲ್ಲೆಯಲ್ಲಿ ಒಂದು ವಿಶೇಷವಿದೆ, ಅದನ್ನು ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಮೇಲೆ ಬರಲೆಂಬುದು ಅದರ ಉದ್ದೇಶ, ನೇರ ಬಳಕೆಗೆಂದು ಬಿಟ್ಟ ನೀರಲ್ಲ ಅದು. ಮೂರನೆಯ ಹಂತದ ಸಂಸ್ಕರಣೆಗಾಗಿ ಇಲ್ಲಿಯ ಹೋರಾಟಗಾರರು ವರ್ಷಗಳಿಂದ ಕೂಗುತ್ತಿದ್ದಾರೆ. ಬೆಂಗಳೂರಿನ ಜಂಜಾಟದಿಂದ ತಪ್ಪಿಸಿಕೊಂಡು ಬಂದು ಕೋಲಾರದ ಅಂಥದೊಂದು ಕೆರೆ ದಂಡೆಯಲ್ಲಿ ಕೂತು ನಿಟ್ಟುಸಿರು ಬಿಡುವವರ ಮುಂದೆ ಹೊಳೆಯುತ್ತಿರುವುದು ಹೋದ ತಿಂಗಳು ಅವರೇ ಸ್ನಾನ ಮಾಡಿ ಬಿಟ್ಟ ನೀರು. ಇದರಲ್ಲೊಂದು ನ್ಯಾಯವಿದೆ ಎಂದು ನನಗೆ ಕೆಲವೊಮ್ಮೆ ಅನ್ನಿಸುತ್ತದೆ.

ಇನ್ನು ವಿಶ್ರಾಂತಿ. ಈ ಸೀಮೆಯ ಹವೆಯ ಅರಿವು ಸ್ವಲ್ಪ ಇದ್ದವರೂ ಆ ಮಾತು ಆಡುವುದಿಲ್ಲ. ಆಷಾಢದ ಗಾಳಿ ಕೋಲಾರದ ಬಯಲಿನಲ್ಲಿ ತಗಡಿನ ಸೂರನ್ನೇ ಎತ್ತಿಕೊಂಡು ಹೋಗುತ್ತದೆ, ಟೆಂಟಿನ ಗೂಟ ಯಾವ ಲೆಕ್ಕ. ಇಲ್ಲಿಯ ಬೆಟ್ಟಗಳಾದರೋ ಬರಿ ಬಂಡೆ, ಗೂಟ ಇಳಿಯುವ ಮಣ್ಣೇ ಇಲ್ಲ. ಅಕ್ಟೋಬರ್ ನವೆಂಬರಿನಲ್ಲಿ ಈಶಾನ್ಯ ಮಾರುತದ ಮಳೆ ಹೇಳಿ ಕೇಳಿ ಬರುವುದಿಲ್ಲ. ಡಿಸೆಂಬರ್ ಜನವರಿಯ ಇಬ್ಬನಿ ಹೊರಗಿಂದ ಒದ್ದೆ ಮಾಡಿದರೆ, ಒಳಗೆ ಇಬ್ಬರ ಉಸಿರಿನ ಹಬೆ ಪಾಲಿಯೆಸ್ಟರ್ ಬಟ್ಟೆಗೆ ತಗುಲಿ ಹನಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಬಂಡೆ ನಡುರಾತ್ರಿವರೆಗೂ ಶಾಖ ಕಾರುತ್ತಿರುತ್ತದೆ. ಅದು ತಣ್ಣಗಾಗಿ ಕಣ್ಣು ಹತ್ತುವ ಹೊತ್ತಿಗೆ ಪೂರ್ವದಲ್ಲಿ ಬೆಳಕು. ಸೂರ್ಯ ಹುಟ್ಟಿದ ಅರ್ಧ ಗಂಟೆಗೆಲ್ಲ ಟೆಂಟಿನೊಳಗೆ ಕೂರಲಾಗುವುದಿಲ್ಲ.

ಅಂತರಗಂಗೆಯ ಪ್ಯಾಕೇಜಿನಲ್ಲಿ ನಿದ್ದೆಯ ಪ್ರಸ್ತಾಪವೇ ಇರುವುದಿಲ್ಲ ಎನ್ನುವುದು ಇನ್ನೂ ಸೊಗಸು. ರಾತ್ರಿ ಹತ್ತಕ್ಕೆ ಬೆಂಗಳೂರು ಬಿಡುವುದು, ನಡುರಾತ್ರಿಯ ಮೇಲೆ ಹತ್ತುವುದು, ಗುಹೆ, ಬೆಂಕಿ, ಸ್ಪೀಕರಿನಲ್ಲಿ ಹಾಡು, ನಸುಕಿನಲ್ಲಿ ಸೂರ್ಯೋದಯದ ಫೋಟೋ. ಮಾರನೆ ದಿನ ಹೆದ್ದಾರಿಯಲ್ಲಿ ರೆಪ್ಪೆ ಎಳೆಯುತ್ತ ವಾಪಸು. ಇದರ ಹೆಸರು ವಿಶ್ರಾಂತಿಯಾದರೆ ಗಣಿಯ ರಾತ್ರಿ ಪಾಳಿಯನ್ನೂ ವಿಶ್ರಾಂತಿಯೆಂದೇ ಕರೆಯಬೇಕಾಗುತ್ತದೆ.

ಹಾವು ಚೇಳಿನ ಮಾತೆತ್ತಿದರೆ ಹಳ್ಳಿ ಹೆದರಿಕೆ ಎಂದು ನಗುತ್ತಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ತಮಾಷೆಗಲ್ಲ. ಕಟ್ಟುಹಾವು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುವುದು, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೂ ಇಲ್ಲ. ಟೆಂಟಿನ ಜಿಪ್ಪು ಹಾಕಿದ್ದರೆ ಒಳಗೆ ಬರಲಾರದು ಎನ್ನುವುದು ನಿಜ, ಒಪ್ಪುತ್ತೇನೆ. ಆದರೆ ಮೂರು ಗಂಟೆ ರಾತ್ರಿಯಲ್ಲಿ ಎದ್ದು ಬರಿಗಾಲಲ್ಲಿ ಪೊದೆಯ ಕಡೆಗೆ ಹೋಗುವವರಿಗೆ ಜಿಪ್ಪು ಕಾವಲಿರುವುದಿಲ್ಲ.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ಕಥೆ ಬೇರೆ. ತಮಿಳುನಾಡು, ಆಂಧ್ರ ಎರಡೂ ಗಡಿಗಳು ಹತ್ತಿರ. ಅತ್ತ ಕೌಂಡಿನ್ಯ ಅಭಯಾರಣ್ಯ, ಇತ್ತ ಕೃಷ್ಣಗಿರಿ ಸೀಮೆಯ ಕಾಡು. ಆನೆಗಳಿಗೆ ಮೂರು ರಾಜ್ಯವೂ ಒಂದೇ. ರಾಗಿ ತೆನೆ ಕಟ್ಟುವ ಹೊತ್ತಿಗೆ, ಟೊಮೆಟೊ ಬಲಿಯುವ ಹೊತ್ತಿಗೆ ಹಿಂಡು ಇಳಿಯುತ್ತದೆ. ಹೊಲ ಕಾಯಲು ರಾತ್ರಿಯಿಡೀ ಅಟ್ಟಣೆಯ ಮೇಲೋ ಗುಡಿಸಲಲ್ಲೋ ಎದ್ದು ಕೂತಿರುವ ರೈತರಿದ್ದಾರೆ, ಹಾಗೆ ಕಾಯುವಾಗ ಆನೆಗೆ ಸಿಕ್ಕಿ ಸತ್ತವರೂ ಇದ್ದಾರೆ. ಪಟಾಕಿ, ಟಾರ್ಚು, ತಗಡಿನ ಡಬ್ಬ ಹಿಡಿದು ಅವರು ನಿದ್ದೆಗೆಟ್ಟು ಕೂರುವ ಬಯಲಿನಲ್ಲೇ ಇನ್ನೊಬ್ಬರು ಬಂದು ಮ್ಯಾಗಿ ಬೇಯಿಸಿಕೊಂಡು ರಿಲ್ಯಾಕ್ಸ್ ಆಗುತ್ತೇನೆನ್ನುವುದು ಅರಿಯದ ತಪ್ಪೋ ದಪ್ಪ ಚರ್ಮವೋ ಹೇಳುವುದು ಕಷ್ಟ. ವಯನಾಡಿನ ಮೇಪ್ಪಾಡಿಯಲ್ಲಿ 2021ರ ಜನವರಿಯಲ್ಲಿ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಯುವತಿಯನ್ನು ಆನೆ ಕೊಂದಿತು. ಆಮೇಲಷ್ಟೇ ಅಧಿಕಾರಿಗಳು ಬಂದು ಆ ರೆಸಾರ್ಟನ್ನು ಮುಚ್ಚಿಸಿದರು. ಕಾಮಸಮುದ್ರದಲ್ಲಿ ಅಂಥದಕ್ಕೆ ಕಾಯಬೇಕೆ?

ಇಷ್ಟೆಲ್ಲದರ ಮೇಲೆ ಸೈನೈಡ್ ದಿಬ್ಬ. ಕೆಜಿಎಫ್ ಸಿನಿಮಾದ ಸೆಟ್ಟು ಹಾಕಿದ್ದೂ ಇಂಥದೊಂದು ದಿಬ್ಬದ ಮೇಲೆಯೇ, ಹಾಗಾಗಿ ಅಲ್ಲೊಂದು ರಾತ್ರಿ ಎಂಬ ಆಸೆ ಹುಟ್ಟಿಕೊಂಡಿದೆ. ಚಿನ್ನದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದ ಕೆಸರನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಸುರಿದದ್ದು ಈ ದಿಬ್ಬಗಳಲ್ಲಿ. 13 ದಿಬ್ಬ, ಸಾವಿರ ಎಕರೆಗೂ ಮಿಕ್ಕ ವಿಸ್ತಾರ, ಸುಮಾರು 3.3 ಕೋಟಿ ಟನ್ ಪುಡಿ. ಅದರಲ್ಲಿ ಉಳಿದಿರುವ ಚಿನ್ನಕ್ಕಾಗಿ ಅದನ್ನೇ ಮತ್ತೆ ಗಣಿಗಾರಿಕೆಗೆ ಕೊಡಲು 2024ರ ಜೂನಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಗಾಳಿ ಬೀಸಿದಾಗ ಆ ಪುಡಿ ಎದ್ದು ಪಟ್ಟಣದ ಮನೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಮಾಡುವ ಸಿಲಿಕೋಸಿಸ್ ಕೆಜಿಎಫ್‌ಗೆ ಪುಸ್ತಕದ ಕಾಯಿಲೆಯಲ್ಲ, ಅಪ್ಪ ತಾತಂದಿರು ಕೆಮ್ಮಿ ಕೆಮ್ಮಿ ಸತ್ತ ಕಾಯಿಲೆ. ಆ ಪುಡಿಯ ಮೇಲೆ ಮಲಗಿ ರಾತ್ರಿಯೆಲ್ಲ ಉಸಿರಾಡುವುದಕ್ಕೆ ದುಡ್ಡು ಕೊಟ್ಟು ಬರುವವರಿದ್ದಾರೆ ಎಂದರೆ ಅಲ್ಲಿಯ ಮನೆಗಳಲ್ಲಿ ನಂಬುವುದಿಲ್ಲ.

ಕೆಜಿಎಫ್‌ನಲ್ಲಿ ನಿಂತು ಬಟ್ಟೆಯ ಸೂರನ್ನು ಹೊಗಳುವುದು ನನಗೆ ಸಿಟ್ಟು ತರಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದು ಈ ಊರಿನ ಚರಿತ್ರೆಯಲ್ಲೇ ಇದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಕೂಲಿಗಳಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಕಂಪನಿ ಕೊಟ್ಟದ್ದು ತಟ್ಟಿ ಮನೆ. ಬಿದಿರು ತಟ್ಟಿಯ ಗೋಡೆ, ಮೇಲೆ ಹುಲ್ಲು ಇಲ್ಲವೆ ತಗಡು, ಕೆಳಗೆ ಮಣ್ಣು ನೆಲ. ಒಂದು ಪುಟ್ಟ ಕೋಣೆಯಲ್ಲಿ ಇಡೀ ಸಂಸಾರ, ಕೆಲವೊಮ್ಮೆ ಎರಡು. ಮನೆಗಳ ಸಾಲಿಗೊಂದು ನಲ್ಲಿ. ಮೂರು ಪಾಳಿಯಲ್ಲಿ ಗಣಿ ನಡೆಯುತ್ತಿದ್ದುದರಿಂದ ರಾತ್ರಿಯೆಲ್ಲ ನೆಲದಡಿ ದುಡಿದು ಬಂದವನು ಹಗಲು ಹೊತ್ತು ಆ ಕಾದ ತಗಡಿನ ಕೆಳಗೆ, ಮಕ್ಕಳ ಗಲಾಟೆಯ ನಡುವೆ ಕಣ್ಣು ಮುಚ್ಚಬೇಕಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ. ಅಷ್ಟು ಆಳದಲ್ಲಿ ಬಂಡೆಯೇ ಕಾದಿರುತ್ತದೆ. ಕೆಳಗೂ ಕಾವು, ಮೇಲೂ ಕಾವು.

ಅದೇ ಹೊತ್ತಿಗೆ ಊರಗಾಂ, ಮಾರಿಕುಪ್ಪಂ ಕಡೆ ದೊರೆಗಳ ಬಂಗಲೆಗಳು ಎದ್ದವು. ದಪ್ಪ ಗೋಡೆ, ಎತ್ತರದ ಚಾವಣಿ, ಸುತ್ತ ವರಾಂಡ, ತೋಟ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ತು ತಂದದ್ದು ಗಣಿಯ ಯಂತ್ರಗಳಿಗಾಗಿ. ತಟ್ಟಿ ಮನೆಯ ಕತ್ತಲೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಆಯ್ಕೆ ಇದ್ದವರು ಏನನ್ನು ಆರಿಸಿಕೊಂಡರು ನೋಡಿ. ಪ್ರಕೃತಿಗೆ ಹತ್ತಿರವಿರುವ ತೆಳುವಾದ ಗೋಡೆಯನ್ನು ಯಾವ ದೊರೆಯೂ ಕೇಳಲಿಲ್ಲ. ತಟ್ಟಿ ಮನೆಯವರು ಮೂರು ನಾಲ್ಕು ತಲೆಮಾರು ಬಡಿದಾಡಿದ್ದು ಒಂದು ಇಟ್ಟಿಗೆ ಗೋಡೆಗೆ, ಸೋರದ ಸೂರಿಗೆ, ತಮ್ಮದೇ ಒಂದು ಕಕ್ಕಸಿಗೆ. ಗಣಿ ಮುಚ್ಚಿದ ಮೇಲೂ ಆ ಕ್ವಾರ್ಟರ್ಸುಗಳ ಹಕ್ಕುಪತ್ರಕ್ಕಾಗಿ ಅವರ ಅಲೆದಾಟ ನಿಲ್ಲಲಿಲ್ಲ. ಅವರು ಯಾವುದರಿಂದ ಪಾರಾಗಲು ಇಷ್ಟು ವರ್ಷ ಹೆಣಗಿದರೋ ಅದನ್ನೇ ಈಗ ಬೆಲೆ ಕಟ್ಟಿ ಅನುಭವ ಎಂದು ಮಾರುತ್ತಿದ್ದಾರೆ.

ಡೇರೆಯಲ್ಲಿ ನಿಜವಾಗಿ ಬದುಕುವವರು ಈಗಲೂ ಇದ್ದಾರೆ. ಬಂಗಾರಪೇಟೆಯ ರೈಲು ಹಳಿಯ ಪಕ್ಕದಲ್ಲೋ ಕೋಲಾರದ ಹೊರವಲಯದಲ್ಲೋ ಹಳೇ ಫ್ಲೆಕ್ಸು, ಸೀರೆ, ಟಾರ್ಪಾಲು ಕಟ್ಟಿಕೊಂಡು ಕೂತ ಅಲೆಮಾರಿ ಕುಟುಂಬಗಳನ್ನು ಯಾರು ಬೇಕಾದರೂ ನೋಡಬಹುದು. ಸುಡುಗಾಡು ಸಿದ್ಧರು, ಬುಡುಬುಡುಕೆಯವರು, ಕೂದಲಿಗೆ ಪಾತ್ರೆ ಕೊಡುವವರು. ಅವರ ಹೆಸರಿನಲ್ಲಿ ರಾಜ್ಯದಲ್ಲಿ ಒಂದು ಅಭಿವೃದ್ಧಿ ನಿಗಮವೇ ಇದೆ. ಆದರೆ ಅವರು ಒಂದು ಬಯಲಿನಲ್ಲಿ ವಾರ ಉಳಿದರೆ ಪೊಲೀಸರು ಬರುತ್ತಾರೆ, ಎಲ್ಲಿಂದ ಬಂದಿರಿ, ಯಾವಾಗ ಹೋಗುತ್ತೀರಿ, ಕಾರ್ಡು ತೋರಿಸಿ. ಊರಲ್ಲಿ ಒಂದು ಕೋಳಿ ಕಳೆದರೂ ಮೊದಲ ಕಣ್ಣು ಅವರ ಮೇಲೆ. ಅದೇ ಗೋಮಾಳದಲ್ಲಿ ಕಿತ್ತಳೆ ಬಣ್ಣದ ಹತ್ತು ಟೆಂಟುಗಳು ಎದ್ದರೆ ಅದು ಪ್ರವಾಸೋದ್ಯಮ, ಗ್ರಾಮ ಪಂಚಾಯಿತಿಯವರೇ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಬಡವನ ಡೇರೆ ಒತ್ತುವರಿ, ಉಳ್ಳವನ ಡೇರೆ ಇಕೋ ಟೂರಿಸಂ. ಈ ಎರಡು ಡೇರೆಗಳ ನಡುವಿನ ವ್ಯತ್ಯಾಸ ಬಟ್ಟೆಯಲ್ಲಿಲ್ಲ, ಸೋಮವಾರ ಬೆಳಿಗ್ಗೆ ವಾಪಸು ಹೋಗಲು ಗೋಡೆಯಿರುವ ಮನೆ ಇದೆಯೋ ಇಲ್ಲವೋ ಎಂಬುದರಲ್ಲಿದೆ.

ಎದುರು ಪಕ್ಷದವರಲ್ಲಿ ಎರಡು ಗಟ್ಟಿ ವಾದಗಳಿವೆ, ಅವನ್ನು ಹಾರಿಸಿ ಹೋಗುವುದು ನ್ಯಾಯವಲ್ಲ. ಒಂದು, ಸಣ್ಣ ಊರಿನ ಲಾಡ್ಜುಗಳು ಮನುಷ್ಯರನ್ನು ನಡೆಸಿಕೊಳ್ಳುವ ರೀತಿ. ಒಬ್ಬಂಟಿ ಹೆಣ್ಣುಮಗಳು ಹೋದರೆ ಅಡಿಯಿಂದ ಮುಡಿಯವರೆಗೆ ನೋಡಿ ರೂಮು ಖಾಲಿ ಇಲ್ಲ ಎನ್ನುತ್ತಾರೆ. ಅದೇ ಜಿಲ್ಲೆಯ ಆಧಾರ್ ಕಾರ್ಡಿದ್ದರೆ ಅನುಮಾನ. ಮದುವೆಯಾಗದ ಜೋಡಿಗೆ ಪ್ರವಚನ. ಹೆಸರು ಕೇಳಿ ಮುಖ ಬದಲಾಗುವುದೂ ಉಂಟು. ಹಾಸಿಗೆಯ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಇನ್ನೊಂದು, ನಮ್ಮ ಹಳೆಯ ಛತ್ರಗಳು. ಅವುಗಳನ್ನು ನೆನೆದು ಕಣ್ಣೊದ್ದೆ ಮಾಡಿಕೊಳ್ಳುವವರು ಎಷ್ಟೋ ಛತ್ರಗಳಲ್ಲಿ ಯಾರಿಗೆ ಎಲೆ ಹಾಕುತ್ತಿದ್ದರು, ಯಾರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು ಎಂಬುದನ್ನು ಮರೆಯುತ್ತಾರೆ. ಟೆಂಟಿಗೆ ಜಾತಿಯಿಲ್ಲ, ಅದು ಯಾರ ಹೆಸರನ್ನೂ ಕೇಳುವುದಿಲ್ಲ ಎನ್ನುತ್ತಾರೆ ಇವರು.

ಟೆಂಟು ಕೇಳುವುದಿಲ್ಲ, ಸರಿ. ಟೆಂಟು ಹಾಕುವ ನೆಲ ಕೇಳುತ್ತದೆ. ಯಾವ ಊರಿನ ಯಾವ ಬಯಲಿನಲ್ಲಿ ಯಾರು ರಾತ್ರಿ ಕಳೆದರೆ ಊರವರು ಸುಮ್ಮನಿರುತ್ತಾರೆ, ಯಾರು ಕಳೆದರೆ ದೊಣ್ಣೆ ಹಿಡಿದು ಬರುತ್ತಾರೆ ಎಂಬುದು ಹಳ್ಳಿಯ ಅನುಭವವಿದ್ದವರಿಗೆಲ್ಲ ಗೊತ್ತು. ಲಾಡ್ಜಿನವನು ಹೆಣ್ಣಿಗೆ ರೂಮು ಕೊಡದಿದ್ದರೆ ಬೀಗವೇ ಇಲ್ಲದ ಬಟ್ಟೆಯ ಚೀಲದಲ್ಲಿ ಅವಳನ್ನು ಕತ್ತಲೆಯ ಬೆಟ್ಟದ ಮೇಲೆ ಮಲಗಿಸುವುದು ಅದಕ್ಕೆ ಪರಿಹಾರವೆ? ರೂಮು ನಿರಾಕರಿಸಿದವನನ್ನು ಪ್ರಶ್ನಿಸಬೇಕು, ದಂಡ ಹಾಕಬೇಕು. ಛತ್ರದಲ್ಲಿ ಭೇದವಿದ್ದರೆ ಭೇದ ತೆಗೆಯಬೇಕು, ಛತ್ರ ತೆಗೆಯುವುದಲ್ಲ. ಸೂರಿನ ಕೆಳಗಿನ ಅನ್ಯಾಯಕ್ಕೆ ಸೂರನ್ನೇ ಬಿಟ್ಟು ಹೊರಡುವವರಿಗೆ ಬೇರೆ ಸೂರು ಇರುತ್ತದೆ. ಇಲ್ಲದವರು ಎಲ್ಲಿಗೆ ಹೋಗಬೇಕು?

ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರು, ಊರಿಗೆ ಬಂದವರು ತಂಗಲು ಜಾಗವಿಲ್ಲದೆ ಒದ್ದಾಡುವುದನ್ನು ಕಂಡು 1903ರಲ್ಲಿ ಛತ್ರ ಕಟ್ಟಿಸಿದರು. ನಿಲ್ದಾಣದಿಂದ ಇಳಿದವನು ರಸ್ತೆ ದಾಟಿದರೆ ಸೂರು. ಪ್ರಯಾಣಿಕನಿಗೆ ಬೇಕಾದುದು ಏನೆಂದು ಅವರಿಗೆ ಯಾವ ಸಮೀಕ್ಷೆಯೂ ಇಲ್ಲದೆ ಅರ್ಥವಾಗಿತ್ತು: ನಡೆದು ಹೋಗುವಷ್ಟು ಹತ್ತಿರ, ಕೈಗೆಟಕುವ ದರ, ಸಾಮಾನಿಗೆ ಬೀಗ, ಸ್ನಾನಕ್ಕೆ ನೀರು. ಅದೇ ಬುದ್ಧಿ ಬಂಗಾರಪೇಟೆಯಂಥ ಜಂಕ್ಷನ್ನಿಗೆ ಬೇಡವೆ? ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಬರುವ ಭಕ್ತರು, ಬೆಮೆಲ್ ಕಾರ್ಖಾನೆಯಲ್ಲಿ ಪರೀಕ್ಷೆ ಸಂದರ್ಶನಕ್ಕೆ ಬರುವ ಹುಡುಗರು, ಕೊನೆಯ ಮಾರಿಕುಪ್ಪಂ ಗಾಡಿ ತಪ್ಪಿದವರು, ಮದುವೆಗೆ ಬಂದು ಉಳಿಯಲು ಜಾಗವಿಲ್ಲದವರು. ಇವರೆಲ್ಲ ನಿಜವಾದ ಪ್ರಯಾಣಿಕರು. ಇವರಲ್ಲಿ ಒಬ್ಬರಿಗೂ ಟೆಂಟಿನಿಂದ ಉಪಯೋಗವಿಲ್ಲ. ಎಪ್ಪತ್ತು ವರ್ಷದ ಅಜ್ಜಿಯನ್ನು ಕೋಟಿಲಿಂಗದ ದರ್ಶನ ಮಾಡಿಸಿ ಗುಡ್ಡದ ಮೇಲೆ ಮಲಗಿಸಿ ನೋಡಿ, ಅವಳ ಬಾಯಿಂದ ಬರುವ ಮಾತನ್ನು ನಾನಿಲ್ಲಿ ಬರೆಯಲಾರೆ.

ಸರ್ಕಾರಗಳು ಮಾಡಿದ್ದು ಇದಕ್ಕೆ ತದ್ವಿರುದ್ಧ. ದಿನಕ್ಕೆ ಸಾವಿರ ರೂಪಾಯಿಗೆ ಕಡಿಮೆ ಬಾಡಿಗೆಯ ಕೋಣೆಗೆ ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ಶೇ 12 ಹಾಕಿದರು. ಬಡವನ ಒಂದು ರಾತ್ರಿಯ ಮೇಲೂ ತೆರಿಗೆ. ಮೂರು ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಸಿದರು, ಪೂರ್ತಿ ತೆಗೆಯಲಿಲ್ಲ. ಪ್ರವಾಸಿ ಮಂದಿರಗಳು ಸರ್ಕಾರಿ ದುಡ್ಡಿನಲ್ಲಿ ನಡೆಯುತ್ತವೆ, ಸಾಮಾನ್ಯ ಪ್ರವಾಸಿ ಹೋಗಿ ಕೇಳಿದರೆ ಸಾಹೇಬರು ಬರುತ್ತಾರೆ ಎಂಬ ಉತ್ತರ. ಸಾಹೇಬರು ಬರುತ್ತಲೇ ಇರುತ್ತಾರೆ. ರೈಲ್ವೆಯ ರಿಟೈರಿಂಗ್ ರೂಮು, ಡಾರ್ಮಿಟರಿಗೆ ಪಿಎನ್‌ಆರ್ ಇರುವ ಟಿಕೆಟ್ ಬೇಕು. ದಿನನಿತ್ಯದ ಪಾಸಿನವರಿಗೆ, ಪ್ಯಾಸೆಂಜರ್ ಗಾಡಿಯವರಿಗೆ ಅದು ದೂರದ ಮಾತು. ಅಗ್ಗದ ಸೂರು ಒದಗಿಸುವ ಹೊಣೆಯಿಂದ ಎಲ್ಲರೂ ಹೀಗೆ ಜಾರಿಕೊಂಡಿರುವಾಗ, ಸೂರೇ ಬೇಕಿಲ್ಲ, ಬಟ್ಟೆ ಸಾಕು ಎಂಬ ಉಪದೇಶ ಅವರಿಗೆ ಎಷ್ಟು ಅನುಕೂಲವಾಗಿ ಒದಗುತ್ತದೆ ನೋಡಿ. ಪ್ರವಾಸೋದ್ಯಮದ ಭಾಷಣಗಳಲ್ಲಿ ಕ್ಯಾಂಪಿಂಗ್ ಸೈಟು ಎಂಬ ಮಾತು ಇಷ್ಟು ಸಲೀಸಾಗಿ ಬರುವುದೇಕೆಂದರೆ ಅದಕ್ಕೆ ಕಟ್ಟಡ ಬೇಡ, ಸಿಬ್ಬಂದಿ ಬೇಡ, ಪೈಪು ಬೇಡ. ಒಂದು ಫಲಕ ಸಾಕು.

ಸ್ಥಳೀಯರಿಗೆ ಆದಾಯ ಎಂಬ ವಾದವೂ ಒಂದಿದೆ, ಅದರ ಮೇಲೆ ಹೆಚ್ಚು ಹೊತ್ತು ಕಳೆಯುವ ಅಗತ್ಯ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಬುಕ್ಕಿಂಗ್, ಬೆಂಗಳೂರಿನ ವ್ಯಾನು, ಬೆಂಗಳೂರಿನಿಂದಲೇ ತಂದ ಬ್ರೆಡ್ಡು, ಚಿಪ್ಸು. ಊರಿಗೆ ಉಳಿಯುವುದು ಖಾಲಿ ಪೊಟ್ಟಣ. ಒಂದು ಲಾಡ್ಜು ನಡೆದರೆ ಮಂಚ ಸರಿಮಾಡುವವನು, ಬಟ್ಟೆ ಒಗೆಯುವವಳು, ಕೆಳಗಿನ ಟೀ ಅಂಗಡಿಯವನು, ನಿಲ್ದಾಣದ ಆಟೋದವನು ಬದುಕುತ್ತಾರೆ. ಆದರೆ ಇಂಥ ಹಾಸಿಗೆಗಳ ಲೆಕ್ಕ ಯಾರಿಗೂ ಬೇಕಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ನೆರೆದ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ಬೆಟ್ಟಕ್ಕೆ ಎಷ್ಟು ಮಂದಿಯನ್ನು ಹೊರುವ ಶಕ್ತಿಯಿದೆ ಎಂಬ ಪ್ರಶ್ನೆ ಆಗ ಒಂದಿಷ್ಟು ದಿನ ಕೇಳಿಸಿತು. ಬೆಟ್ಟದ ಬುಡದ ಊರಿನಲ್ಲಿ ಎಷ್ಟು ಹಾಸಿಗೆಗಳಿವೆ ಎಂದು ಆಗಲೂ ಯಾರೂ ಕೇಳಲಿಲ್ಲ.

ಬಂಗಾರಪೇಟೆ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಐವತ್ತು ಮಂಚದ ಒಂದು ಡಾರ್ಮಿಟರಿ, ಅದರಲ್ಲಿ ಅರ್ಧ ಹೆಂಗಸರಿಗೆ, ಪ್ರತಿ ಮಂಚಕ್ಕೂ ಬೀಗ ಹಾಕುವ ಪೆಟ್ಟಿಗೆ, ರಾತ್ರಿ ಬಾಗಿಲಲ್ಲಿ ಒಬ್ಬ ಕಾವಲುಗಾರ, ಜಾತಿ ಊರು ಮದುವೆ ಕೇಳದ ಒಂದು ರಿಜಿಸ್ಟರು. ಪುರಸಭೆಗೆ, ರೈಲ್ವೆಗೆ, ಪ್ರವಾಸೋದ್ಯಮ ಇಲಾಖೆಗೆ ಒಟ್ಟಾಗಿ ಇಷ್ಟು ಮಾಡಲು ಕೈಲಾಗುವುದಿಲ್ಲ ಎಂದು ನಾನು ನಂಬುವುದಿಲ್ಲ. ಕೆಜಿಎಫ್‌ನಲ್ಲಂತೂ ಹೊಸದಾಗಿ ಕಟ್ಟುವುದೂ ಬೇಡ. ಗಣಿ ಮುಚ್ಚಿದಂದಿನಿಂದ ಹೆಂಚು ಜಾರಿ, ಬಾಗಿಲು ಕಳವಾಗಿ ಪಾಳುಬಿದ್ದ ಕಂಪನಿ ಕಟ್ಟಡಗಳಲ್ಲಿ ಎರಡನ್ನು ದುರಸ್ತಿ ಮಾಡಿ, ಗಣಿಯಲ್ಲಿ ದುಡಿದವರ ಮನೆಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ನಡೆಸಲು ಕೊಟ್ಟರೆ ಆಯಿತು. ಬರುವವರಿಗೆ ದೊರೆಗಳ ಬಂಗಲೆಯ ಎತ್ತರದ ಚಾವಣಿಯ ಕೆಳಗೆ ಮಲಗುವ ಅವಕಾಶ, ಬಾಡಿಗೆ ಹಣ ತಟ್ಟಿ ಮನೆಗಳಲ್ಲಿ ಹುಟ್ಟಿದವರ ಕೈಗೆ. ಅರ್ಜಿಯನ್ನು ಯಾವ ಇಲಾಖೆಗೆ ಬರೆಯಬೇಕೆಂಬ ಜಗಳ ಬೇಕಾದರೆ ಆಮೇಲೆ ಆಡೋಣ, ಮೂರಕ್ಕೂ ಒಂದೊಂದು ಪ್ರತಿ ಕಳಿಸಿದರೆ ಖರ್ಚಾಗುವುದು ಅಂಚೆ ಚೀಟಿಯಷ್ಟೆ.